ಕಣ್ಣಿಗೂ ಬೆರಳಿಗೂ ಒಂದೇ ಬರಹ

ಲೂಯಿ ಬ್ರೈಲ್ ಮೊದಲು ಕಲಿತದ್ದು ಅಂಧರ ಶಾಲೆಯಲ್ಲಲ್ಲ, ಪ್ಯಾರಿಸ್ಸಿನ ಪೂರ್ವಕ್ಕಿರುವ ಕೂವ್ರೇ ಎಂಬ ಹಳ್ಳಿಯ ಶಾಲೆಯಲ್ಲಿ, ಕಣ್ಣಿದ್ದ ಮಕ್ಕಳ ಜೊತೆ ಕೂತು. ಹುಟ್ಟಿದ್ದು 1809ರ ಜನವರಿ 4ರಂದು. ತಂದೆ ಸಿಮೋನ್ ರೆನೆ ಕುದುರೆಗಳ ಜೀನು, ಲಗಾಮು ಹೊಲಿಯುವ ಕಸುಬಿನವರು. ಮೂರರ ವಯಸ್ಸಿನಲ್ಲಿ ಅಪ್ಪನ ಅಂಗಡಿಯಲ್ಲಿ ಆಡುತ್ತಿದ್ದಾಗ ತೊಗಲಿಗೆ ತೂತು ಹಾಕುವ ಚೂಪು ಸಲಕರಣೆ ಹುಡುಗನ ಒಂದು ಕಣ್ಣಿಗೆ ಚುಚ್ಚಿತು. ನಂಜು ಇನ್ನೊಂದು ಕಣ್ಣಿಗೂ ಹರಡಿ, ಐದು ವರ್ಷ ತುಂಬುವಷ್ಟರಲ್ಲಿ ದೃಷ್ಟಿ ಪೂರ್ತಿ ಹೋಯಿತು. ಅಂಥ ಮಕ್ಕಳಿಗೆ ಆ ಕಾಲದ ಹಳ್ಳಿಗಳಲ್ಲಿ ಉಳಿಯುತ್ತಿದ್ದುದು ಭಿಕ್ಷೆಯ ದಾರಿ. ಊರಿನ ಪಾದ್ರಿ ಜಾಕ್ ಪಾಲ್ವಿ ಮತ್ತು ಶಾಲೆಯ ಮೇಷ್ಟ್ರು ಆಂತ್ವಾನ್ ಬೆಶೆರೆ ಹಾಗಾಗಲು ಬಿಡಲಿಲ್ಲ, ಹುಡುಗನನ್ನು ತರಗತಿಗೆ ಸೇರಿಸಿಕೊಂಡರು.

ಕೇಳಿ ಕಲಿಯುವ ಪಾಠಗಳಲ್ಲಿ ಹುಡುಗ ಎಲ್ಲರಿಗಿಂತ ಮುಂದಿದ್ದ. ಓದು, ಬರಹದ ಹೊತ್ತಿಗೆ ಮಾತ್ರ ಸುಮ್ಮನೆ ಕೂರಬೇಕು. ಮನೆಯಲ್ಲಿ ಅಪ್ಪ ಹಲಗೆಗೆ ಮೊಳೆ ಹೊಡೆದು ಅಕ್ಷರಗಳ ಆಕಾರ ಮೂಡಿಸಿ ಕೊಟ್ಟರು ಎಂಬ ಮಾತಿದೆ. ಮೇಷ್ಟ್ರಿಗೆ ಮನಸ್ಸಿತ್ತು, ಶಾಲೆಯಲ್ಲಿ ಜಾಗವಿತ್ತು, ಹುಡುಗನಿಗೆ ಬುದ್ಧಿಯಿತ್ತು. ಇಲ್ಲದಿದ್ದುದು ಇಬ್ಬರೂ ಓದಬಲ್ಲ ಬರಹ. ಅಂಧ ಮಕ್ಕಳ ಶಿಕ್ಷಣಕ್ಕೆಂದು ಆ ಮೇಲಿನ ಇನ್ನೂರು ವರ್ಷಗಳಲ್ಲಿ ಬಂದ ಒಂದೊಂದು ಉಪಕರಣವನ್ನೂ ಈ ಒಂದು ಪ್ರಶ್ನೆಯಿಂದ ಅಳೆಯಬಹುದು: ಮಗು ಬರೆದದ್ದನ್ನು ಮೇಷ್ಟ್ರು, ಮೇಷ್ಟ್ರು ಬರೆದದ್ದನ್ನು ಮಗು, ನಡುವೆ ಮೂರನೆಯವರಿಲ್ಲದೆ ಓದಲು ಆಗುತ್ತದೆಯೆ?

ಹತ್ತು ವರ್ಷದ ಬ್ರೈಲ್ 1819ರಲ್ಲಿ ಪ್ಯಾರಿಸ್ಸಿನ ಅಂಧ ಮಕ್ಕಳ ಸಂಸ್ಥೆ ಸೇರಿದ. ಅದನ್ನು ಸ್ಥಾಪಿಸಿದವರು ವಾಲಂತಾಂ ಆಯ್ವಿ. ಅವರು 1771ರಲ್ಲಿ ಪ್ಯಾರಿಸ್ಸಿನ ಒಂದು ಜಾತ್ರೆಯಲ್ಲಿ ಕಂಡ ನೋಟ ಇದು: ಅಂಧರಿಗೆ ಕತ್ತೆಕಿವಿಯ ಟೋಪಿ, ರಟ್ಟಿನ ದೊಡ್ಡ ಕನ್ನಡಕ ತೊಡಿಸಿ, ಮುಂದೆ ಸಂಗೀತದ ಹಾಳೆ ಇಟ್ಟು, ವಾದ್ಯ ಬಾರಿಸಲು ಹಚ್ಚಿ ಜನ ನಗುತ್ತಿದ್ದರು. ಆ ಹೇಸಿಗೆಯಿಂದ ಹುಟ್ಟಿದ ಹಟ 1780ರ ದಶಕದಲ್ಲಿ ಶಾಲೆಯಾಯಿತು. ಒದ್ದೆ ಕಾಗದದ ಮೇಲೆ ದೊಡ್ಡ ಅಚ್ಚುಮೊಳೆ ಒತ್ತಿ ಸಾಮಾನ್ಯ ರೋಮನ್ ಅಕ್ಷರಗಳನ್ನೇ ಉಬ್ಬಿಸುವುದು ಆಯ್ವಿ ಕಂಡುಕೊಂಡ ಉಪಾಯ. ಕಣ್ಣಿದ್ದವರಿಗೂ ಇಲ್ಲದವರಿಗೂ ಒಂದೇ ಪುಸ್ತಕ ಎಂಬ ಯೋಚನೆಯೇನೋ ಉದಾತ್ತವಾದದ್ದು. ಆದರೆ ಪುಸ್ತಕಗಳು ಎತ್ತಲಾರದಷ್ಟು ಭಾರ, ಒಂದು ಸಾಲು ಓದುವಷ್ಟರಲ್ಲಿ ಮೊದಲ ಪದ ಮರೆತುಹೋಗುವಷ್ಟು ನಿಧಾನ. ಮೇಲಾಗಿ ಆ ಅಕ್ಷರಗಳನ್ನು ಮಕ್ಕಳು ತಾವೇ ಬರೆಯುವಂತಿರಲಿಲ್ಲ. ಕಣ್ಣಿಗೆ ಚೆಂದ ಕಂಡದ್ದು ಬೆರಳಿಗೂ ಒಗ್ಗುತ್ತದೆಂದು ದೃಷ್ಟಿಯುಳ್ಳವರು ನಂಬಿದ್ದರ ಫಲ ಅದು. ಅದೇ ನಂಬಿಕೆ ಮುಂದೆಯೂ ಬೇರೆ ಬೇರೆ ವೇಷದಲ್ಲಿ ಬಂದಿದೆ.

1821ರ ಸುಮಾರಿಗೆ ಶಾರ್ಲ್ ಬಾರ್ಬಿಯೆ ಎಂಬಾತ ಚುಕ್ಕೆಗಳ ಬರಹವೊಂದನ್ನು ಶಾಲೆಗೆ ಪರಿಚಯಿಸಿದ. ರಾತ್ರಿ ದೀಪ ಹಚ್ಚದೆ ಸೈನಿಕರು ಓದಲೆಂದು ಆತ ಅದನ್ನು ಮಾಡಿದ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಇತ್ತೀಚಿನ ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ. ಅಕ್ಷರ ಕಲಿಯದವರಿಗೂ ಅಂಧರಿಗೂ ಸುಲಭವಾದ ಬರಹ ಕೊಡುವುದೇ ಆತನ ಉದ್ದೇಶವಾಗಿತ್ತು ಎಂಬ ವಾದ ಹೆಚ್ಚು ಗಟ್ಟಿಯಾಗಿದೆ. ಹನ್ನೆರಡು ಚುಕ್ಕೆಗಳ ಆ ಮನೆ ಬೆರಳ ತುದಿಗೆ ದೊಡ್ಡದಾಯಿತು. ಉಚ್ಚಾರಕ್ಕೆ ಚಿಹ್ನೆಯಿತ್ತೇ ಹೊರತು ಕಾಗುಣಿತಕ್ಕಾಗಲಿ ಅಂಕಿಗಾಗಲಿ ಇರಲಿಲ್ಲ. ಹನ್ನೆರಡನ್ನು ಆರಕ್ಕೆ ಇಳಿಸಿದ್ದು ಬ್ರೈಲ್. ಎರಡು ಕಂಬ, ಒಂದೊಂದರಲ್ಲಿ ಮೂರು ಚುಕ್ಕೆ. ರಾಗಿಕಾಳಿನಷ್ಟು ಉಬ್ಬಿದ ಆ ಆರೂ ಬೆರಳ ತುದಿಗೆ ಒಂದೇ ಸಲ ತಾಗುತ್ತವೆ, ಬೆರಳನ್ನು ಮೇಲೆ ಕೆಳಗೆ ಆಡಿಸಬೇಕಿಲ್ಲ. ಹದಿನೈದರ ವಯಸ್ಸಿಗೆ, ಅಂದರೆ 1824ಕ್ಕೆ, ಪದ್ಧತಿ ಬಹುಪಾಲು ಸಿದ್ಧವಾಗಿತ್ತು. 1829ರಲ್ಲಿ ಅದರ ವಿವರಣೆ ಪುಸ್ತಕವಾಗಿ ಹೊರಬಂತು. ತಮಾಷೆಯೆಂದರೆ ಆ ಪುಸ್ತಕ ಅಚ್ಚಾದದ್ದು ಆಯ್ವಿಯವರ ಉಬ್ಬು ಅಕ್ಷರಗಳಲ್ಲೇ.

ಬ್ರೈಲ್ ಲಿಪಿಯ ಹೆಚ್ಚುಗಾರಿಕೆ ಇರುವುದು ಓದಿನಲ್ಲಿ ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಅದಕ್ಕಿಂತ ದೊಡ್ಡದು ಬರವಣಿಗೆ. ಕಿಟಕಿಗಳಂತೆ ತೂತುಗಳಿರುವ ಲೋಹದ ಪಟ್ಟಿಯ ಕೆಳಗೆ ದಪ್ಪ ಕಾಗದ ಸಿಕ್ಕಿಸಿ, ಮೊನೆಯ ಸ್ಟೈಲಸ್‌ನಿಂದ ಒಂದೊಂದೇ ಚುಕ್ಕೆ ಒತ್ತುತ್ತ ಬಲದಿಂದ ಎಡಕ್ಕೆ ಹೋಗಬೇಕು. ಆಮೇಲೆ ಕಾಗದ ಮಗುಚಿದರೆ ಎಡದಿಂದ ಬಲಕ್ಕೆ ಓದಲು ಸಿಗುತ್ತದೆ. ಕಾಗದ, ಸ್ಲೇಟು, ಸ್ಟೈಲಸ್ ಇದ್ದರೆ ಸಾಕು, ಮಗು ಟಿಪ್ಪಣಿ ಮಾಡಿಕೊಳ್ಳುತ್ತದೆ, ಗೆಳೆಯನಿಗೆ ಚೀಟಿ ಬರೆಯುತ್ತದೆ, ತಪ್ಪಿದ್ದನ್ನು ತಾನೇ ತಿದ್ದುತ್ತದೆ.

ಶಾಲೆಯ ಆಡಳಿತಕ್ಕೆ ಇದು ಹಿಡಿಸಲಿಲ್ಲ. 1840ರಲ್ಲಿ ನಿರ್ದೇಶಕರಾದ ಆರ್ಮಾಂ ದುಫೋ ಚುಕ್ಕೆ ಬರಹವನ್ನೇ ನಿಷೇಧಿಸಿದರು. ಹಳೆಯ ಪುಸ್ತಕಗಳನ್ನು ಸುಡಿಸಿದರು ಎಂದೂ ಹೇಳುತ್ತಾರೆ. ಅಂಧರು ತಮಗೆ ಮಾತ್ರ ತಿಳಿಯುವ ಲಿಪಿ ಹಿಡಿದರೆ ಸಮಾಜದಿಂದ ಇನ್ನಷ್ಟು ದೂರ ಸರಿಯುತ್ತಾರೆ ಎಂಬುದು ಆ ಕಾಲದ ವಿರೋಧಿಗಳ ದೊಡ್ಡ ವಾದ. ಮಕ್ಕಳು ಕದ್ದುಮುಚ್ಚಿ ಬರೆಯುವುದನ್ನು ಬಿಡಲಿಲ್ಲ. ಉಪನಿರ್ದೇಶಕ ಜೋಸೆಫ್ ಗಾದೆ ಅವರ ಪರ ನಿಂತರು. 1844ರಲ್ಲಿ ಹೊಸ ಕಟ್ಟಡದ ಉದ್ಘಾಟನೆಯ ದಿನ ತುಂಬಿದ ಸಭೆಯ ಎದುರು ಚುಕ್ಕೆ ಬರಹದ ಪ್ರದರ್ಶನ ನಡೆಯಿತು. ಆ ಹೊತ್ತಿಗೆ ನಿರ್ದೇಶಕರ ಮನಸ್ಸೂ ತಿರುಗಿತ್ತು. ಬ್ರೈಲ್ ಕ್ಷಯದಿಂದ 1852ರಲ್ಲಿ ತೀರಿಕೊಂಡರು. ಫ್ರಾನ್ಸ್ ಅವರ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ.

ದುಫೋ ಮಾಡಿದ್ದು ಅನ್ಯಾಯ. ಆದರೂ ಆ ವಾದದಲ್ಲಿ ಒಂದು ಎಳೆ ನಿಜವಿತ್ತು, ಅದನ್ನು ಎಲ್ಲರಿಗಿಂತ ಮೊದಲು ಕಂಡವರು ಸ್ವತಃ ಬ್ರೈಲ್. ಕಣ್ಣಿದ್ದವರೂ ಓದುವಂತೆ ಅಂಧರು ಬರೆಯಲೆಂದು ಅವರು 1839ರಲ್ಲೇ ಇನ್ನೊಂದು ಪದ್ಧತಿ ಪ್ರಕಟಿಸಿದ್ದರು: ರೋಮನ್ ಅಕ್ಷರಗಳ ಆಕಾರವನ್ನೇ ಚುಕ್ಕೆಗಳಲ್ಲಿ ಮೂಡಿಸುವ ಡೆಕಾಪಾಯಿಂಟ್. ಕೈಯಲ್ಲಿ ಅದು ಬಲು ನಿಧಾನ. ಅದೇ ಸಂಸ್ಥೆಯಲ್ಲಿ ಕಲಿತಿದ್ದ ಅಂಧ ಪಿಯೆರ್ ಫೂಕೋ ಹತ್ತು ಕೀಲಿಗಳಿರುವ ಯಂತ್ರ ಕಟ್ಟಿದರು. ರಾಫಿಗ್ರಾಫ್ ಎಂಬ ಆ ಯಂತ್ರ 1840ರ ದಶಕದ ಮೊದಲ ವರ್ಷಗಳದ್ದು. ಅದರಲ್ಲಿ ಮೂಡಿದ ಪತ್ರವನ್ನು ಓದು ಬಲ್ಲ ಯಾರು ಬೇಕಾದರೂ ಓದಬಹುದಿತ್ತು. ಟೈಪ್‌ರೈಟರ್ ಕಚೇರಿಗೆ ಬರುವುದಕ್ಕೆ ದಶಕಗಳ ಮೊದಲಿನ ಮಾತಿದು. ಇಟಲಿಯ ಪೆಲ್ಲೆಗ್ರೀನೊ ತೂರಿ 1808ರ ಹೊತ್ತಿಗೇ ಇನ್ನೊಂದು ಬರೆಯುವ ಯಂತ್ರ ಮಾಡಿದ್ದ, ಅದೂ ಕಣ್ಣು ಕಳೆದುಕೊಂಡಿದ್ದ ಕರೊಲೀನಾ ಫಾಂತೋನಿ ಎಂಬ ಮಹಿಳೆಗಾಗಿ. ಗುಮಾಸ್ತರ ಮೇಜಿನ ಮೇಲೆ ನೂರು ವರ್ಷ ಆಳಿದ ಯಂತ್ರದ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಅಂಧರ ಪತ್ರವ್ಯವಹಾರ.

ರಾಫಿಗ್ರಾಫ್ ದುಬಾರಿ, ಹೊರಲು ಭಾರ. ಅದು ಮೂಲೆ ಸೇರಿತು, ಬ್ರೈಲ್ ಉಳಿಯಿತು. ಹೀಗಾಗಿ ಅಂಧ ಮಗು ಸ್ವತಂತ್ರವಾಗಿ ಓದಿ ಬರೆಯಲು ಕಲಿತ ಹೊತ್ತಿಗೇ ಬ್ರೈಲ್ ಬಲ್ಲ ಮೇಷ್ಟ್ರಿರುವ ಪ್ರತ್ಯೇಕ ವಸತಿಶಾಲೆ ಅದರ ಪಾಲಿಗೆ ಕಾಯಮಾಯಿತು.

ಈ ಗಂಟನ್ನು ಸಡಿಲಿಸಲು ಯತ್ನಿಸಿದವರಲ್ಲಿ ಅಮೆರಿಕದ ಫ್ರಾಂಕ್ ಹಾಲ್ ಮುಖ್ಯರು. ಇಲಿನಾಯ್ ರಾಜ್ಯದ ಅಂಧರ ಶಾಲೆಯ ಮುಖ್ಯಸ್ಥರಾಗಿದ್ದ ಅವರು 1892ರಲ್ಲಿ ಆರು ಕೀಲಿಗಳ ಬ್ರೈಲ್ ಟೈಪ್‌ರೈಟರ್ ಮಾಡಿಸಿದರು. ಒಂದು ಚುಕ್ಕೆಗೆ ಒಂದು ಕೀಲಿ. ಬೇಕಾದ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಇಡೀ ಅಕ್ಷರ ಒಮ್ಮೆಲೇ ಮೂಡುತ್ತದೆ, ಉಲ್ಟಾ ಬರೆಯುವ ಗೋಜಿಲ್ಲ. ಹಾಲ್ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. 1893ರ ಷಿಕಾಗೊ ವಿಶ್ವಮೇಳದಲ್ಲಿ ಕಣ್ಣು, ಕಿವಿ ಎರಡೂ ಇಲ್ಲದಿದ್ದ ಹೆಲೆನ್ ಕೆಲರ್ ಈ ಯಂತ್ರ ಮಾಡಿದವರು ಇವರೇ ಎಂದು ತಿಳಿದು ಅವರನ್ನು ತಬ್ಬಿಕೊಂಡಳು. ಇದಕ್ಕಿಂತ ದೊಡ್ಡ ಕೆಲಸವನ್ನು ಹಾಲ್ ಆಮೇಲೆ ಮಾಡಿದರು. ಷಿಕಾಗೊದಲ್ಲಿ ಅಂಧ ಮಕ್ಕಳಿಗೆ ಇನ್ನೊಂದು ವಸತಿಶಾಲೆ ಬೇಕೆಂಬ ಕೂಗೆದ್ದಾಗ, ಅಂಥದೇ ಶಾಲೆಯ ಮುಖ್ಯಸ್ಥರಾಗಿದ್ದೂ, ಬೇಡ ಎಂದರು. ಮಕ್ಕಳು ಮನೆಯಲ್ಲೇ ಇದ್ದುಕೊಂಡು ಅಕ್ಕಪಕ್ಕದ ಮಕ್ಕಳ ಜೊತೆ ಊರಿನ ಶಾಲೆಗೇ ಹೋಗಲಿ ಎಂದು ವಾದಿಸಿದರು. 1900ರಲ್ಲಿ ಅಲ್ಲಿನ ಸಾರ್ವಜನಿಕ ಶಾಲೆಗಳೊಳಗೆ ಅಂಧ ಮಕ್ಕಳ ತರಗತಿ ಶುರುವಾಯಿತು. ಬ್ರೈಲ್ ಬಲ್ಲ ಒಬ್ಬ ಶಿಕ್ಷಕ ನಡುವೆ ನಿಂತು ಎರಡೂ ಬರಹಗಳನ್ನು ಬೆಸೆಯುವ ಏರ್ಪಾಡು ಅದು. ಇಂದು ನಮ್ಮ ಇಲಾಖೆಗಳು ಸಮನ್ವಯ ಶಿಕ್ಷಣ ಎನ್ನುವುದರ ಹಳೆಯ ಮಾದರಿಗಳಲ್ಲಿ ಒಂದು.

ಅದೇ ಅಮೆರಿಕದಲ್ಲಿ ಯಾವ ಚುಕ್ಕೆ ಪದ್ಧತಿ ಸರಿ ಎಂಬ ಜಗಳವೂ ದಶಕಗಳ ಕಾಲ ನಡೆಯಿತು. ನ್ಯೂಯಾರ್ಕ್ ಪಾಯಿಂಟ್, ಅಮೆರಿಕನ್ ಬ್ರೈಲ್, ಬಾಸ್ಟನ್ ಅಕ್ಷರ, ಇಂಗ್ಲೆಂಡಿನ ಮೂನ್ ಅಕ್ಷರ ಎಲ್ಲವನ್ನೂ ಹೆಲೆನ್ ಕೆಲರ್ ಕಲಿಯಬೇಕಾಯಿತು. ಇಂಗ್ಲಿಷಿಗೆ ಒಂದೇ ಬ್ರೈಲ್ ಎಂದು ಒಪ್ಪಂದವಾದದ್ದು 1932ರಲ್ಲಿ.

ಭಾರತಕ್ಕೆ ಬ್ರೈಲ್ ಬಂದದ್ದು ಮಿಷನರಿಗಳ ಜೊತೆ. 1887ರಲ್ಲಿ ಆನಿ ಶಾರ್ಪ್ ಅಮೃತಸರದಲ್ಲಿ ತೆರೆದ ಶಾಲೆಯೇ ದೇಶದ ಮೊದಲ ಅಂಧರ ಶಾಲೆ. ಅದು ಮುಂದೆ ಡೆಹ್ರಾಡೂನಿನ ಪಕ್ಕದ ರಾಜಪುರಕ್ಕೆ ಹೋಯಿತು. ಕಲ್ಕತ್ತಾದಲ್ಲಿ ಲಾಲ್ ಬಿಹಾರಿ ಶಾ 1897ರಲ್ಲಿ ಶಾಲೆ ಕಟ್ಟಿದರು. ಮೈಸೂರಿನಲ್ಲಿ ಎಂ. ಶ್ರೀನಿವಾಸರಾವ್ ಅವರ ಶ್ರಮದಿಂದ 1901ರಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಶುರುವಾಯಿತು. ಕನ್ನಡ ನಾಡಿನಲ್ಲಿ ಇದಕ್ಕೆ ಸಮಾನಾಂತರವಾಗಿ ಲಿಪಿಯ ಹಂಗಿಲ್ಲದ ಇನ್ನೊಂದು ದಾರಿಯೂ ಇತ್ತು, ಅದು ಸಂಗೀತದ್ದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಸಾವಿರಾರು ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟರು. ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ಇಳಿಯುವ ಕಲಿಕೆಯಲ್ಲಿ ಅಂಧತ್ವ ಅಷ್ಟು ದೊಡ್ಡ ತೊಡಕಲ್ಲ. ಗಣಿತ, ಭೂಗೋಳ, ವಿಜ್ಞಾನಕ್ಕೆ ಮಾತ್ರ ಆ ದಾರಿ ಸಾಲದು.

ಅಮೆರಿಕದ ಜಗಳ ಇಲ್ಲಿ ಇನ್ನೂ ಜಟಿಲವಾಗಿತ್ತು. ಪ್ರಾಂತ್ಯಕ್ಕೊಂದು, ಮಿಷನ್‌ಗೊಂದು ಬ್ರೈಲ್. ಒಂದೇ ಚುಕ್ಕೆಗಳ ಗುಂಪಿಗೆ ಒಂದು ಊರಿನಲ್ಲಿ ಒಂದು ಧ್ವನಿ, ಪಕ್ಕದ ಊರಿನಲ್ಲಿ ಇನ್ನೊಂದು. ಹೀಗಾದರೆ ಎಲ್ಲರಿಗೂ ಒಂದೇ ಕಡೆ ಪುಸ್ತಕ ಮುದ್ರಿಸುವುದು ಹೇಗೆ? ಸ್ವಾತಂತ್ರ್ಯ ಬಂದ ಮೇಲೆ ಭಾರತ ಸರ್ಕಾರ ಯುನೆಸ್ಕೊದ ನೆರವು ಕೇಳಿತು. ಗಲಿಪೊಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡಿದ್ದ ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ ಈ ಕೆಲಸದ ಮುಂಚೂಣಿಯಲ್ಲಿದ್ದರು. 1951ರಲ್ಲಿ ಭಾರತಿ ಬ್ರೈಲ್ ಜಾರಿಗೆ ಬಂತು. ಅದರ ಸೂತ್ರ ಸರಳ: ಭಾಷೆ ಯಾವುದಾದರೂ ಧ್ವನಿ ಒಂದೇ ಆದರೆ ಚುಕ್ಕೆಗಳೂ ಒಂದೇ, ಸಾಧ್ಯವಾದಲ್ಲೆಲ್ಲ ಇಂಗ್ಲಿಷಿನ ಧ್ವನಿಗೂ ಹೊಂದಬೇಕು. ಹಾಗಾಗಿ ಕನ್ನಡದ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ಇಂಗ್ಲಿಷಿನ ‘ಕೆ’ಗೂ ಒಂದನೆಯ ಮತ್ತು ಮೂರನೆಯ ಚುಕ್ಕೆ.

ಕನ್ನಡ ಬ್ರೈಲ್‌ನಲ್ಲಿ ಅಕ್ಷರದ ತಲೆಯ ಮೇಲೆ ಗುಡಿಸು ಇಲ್ಲ, ಕಾಲ ಕೆಳಗೆ ಒತ್ತಕ್ಷರವೂ ಇಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ, ಉಚ್ಚಾರದ ಕ್ರಮದಲ್ಲಿ ಬರುತ್ತದೆ. ‘ಕಿ’ ಬರೆಯಲು ‘ಕ’ದ ಮುಂದೆ ‘ಇ’. ‘ಕ್ತ’ ಬರೆಯಲು ಮೊದಲು ನಾಲ್ಕನೆಯ ಚುಕ್ಕೆ, ಆಮೇಲೆ ‘ಕ’, ಆಮೇಲೆ ‘ತ’. ಬರುವ ವ್ಯಂಜನದಲ್ಲಿ ಸ್ವರವಿಲ್ಲ ಎಂದು ಆ ಚುಕ್ಕೆ ಮುಂಚೆಯೇ ಎಚ್ಚರಿಸುತ್ತದೆ. ಮುದ್ರಿತ ಕನ್ನಡದ ಒತ್ತು, ದೀರ್ಘ, ಕೊಂಬುಗಳಲ್ಲಿ ತಿಣುಕಾಡುವ ಒಂದನೇ ತರಗತಿಯ ಮಕ್ಕಳಿಗೆ ಹೋಲಿಸಿದರೆ ಬ್ರೈಲ್ ಓದುವ ಮಗುವಿಗೆ ಇಷ್ಟರ ಮಟ್ಟಿಗೆ ಅನುಕೂಲವೇ.

ಅದೇ 1951ರಲ್ಲಿ ಡೆಹ್ರಾಡೂನಿನಲ್ಲಿ ಕೇಂದ್ರೀಯ ಬ್ರೈಲ್ ಮುದ್ರಣಾಲಯ ಶುರುವಾಯಿತು. ಅತ್ತ ಅಮೆರಿಕದ ಪರ್ಕಿನ್ಸ್ ಶಾಲೆಯ ಮರಗೆಲಸದ ಮೇಷ್ಟ್ರು ಡೇವಿಡ್ ಅಬ್ರಹಾಂ ರೂಪಿಸಿದ ಗಟ್ಟಿಮುಟ್ಟಾದ ಬ್ರೈಲ್ ಯಂತ್ರ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಕೋಠಾರಿ ಆಯೋಗ 1966ರಲ್ಲಿ ಅಂಗವಿಕಲ ಮಕ್ಕಳನ್ನು ಸಾಧ್ಯವಾದಷ್ಟು ಸಾಮಾನ್ಯ ಶಾಲೆಗಳಲ್ಲಿ ಓದಿಸಬೇಕು ಎಂದಿತು. 1974ರಲ್ಲಿ ಕೇಂದ್ರದ ಸಮನ್ವಯ ಶಿಕ್ಷಣ ಯೋಜನೆ ಬಂತು. ಆಮೇಲೆ 1995ರ ಕಾಯ್ದೆ, ಸರ್ವ ಶಿಕ್ಷಣ ಅಭಿಯಾನ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಕರ್ನಾಟಕದ ತಾಲ್ಲೂಕುಗಳಲ್ಲಿ ಬಿಐಇಆರ್‌ಟಿ ಎಂದು ಕರೆಸಿಕೊಳ್ಳುವ ಸಂಪನ್ಮೂಲ ಶಿಕ್ಷಕರು ಬಂದರು. ಮಗು ಊರ ಶಾಲೆಯ ಹಾಜರಿ ಪುಸ್ತಕ ಸೇರಿತು ನಿಜ. ಆದರೆ ಅದು ಬ್ರೈಲ್‌ನಲ್ಲಿ ಬರೆದ ಮನೆಪಾಠವನ್ನು ತರಗತಿಯ ಮೇಷ್ಟ್ರು ಓದಲಾರರು. ಓದಬಲ್ಲ ಸಂಪನ್ಮೂಲ ಶಿಕ್ಷಕರು ಹತ್ತಾರು ಶಾಲೆ ಸುತ್ತಬೇಕಾದವರು, ಈ ಶಾಲೆಗೆ ಯಾವತ್ತೋ ಒಂದು ದಿನ ಬರುವವರು.

ಕಂಪ್ಯೂಟರ್ ಮುಟ್ಟಿದ್ದು ಇದೇ ಜಾಗವನ್ನು. ಅಮೆರಿಕದ ರೇ ಕರ್ಜ್‌ವೈಲ್ 1976ರಲ್ಲಿ ಮುದ್ರಿತ ಪುಟ ನೋಡಿ ಗಟ್ಟಿಯಾಗಿ ಓದುವ ಯಂತ್ರ ತೋರಿಸಿದಾಗ ಅದು ಒಂದು ಪೆಟ್ಟಿಗೆಯಷ್ಟು ದೊಡ್ಡದಿತ್ತು. ಪಂದ್ಯಗಳಲ್ಲಿ ಮೋಟರ್‌ಸೈಕಲ್ ಓಡಿಸುತ್ತಿದ್ದ ಟೆಡ್ ಹೆಂಟರ್ 1978ರಲ್ಲಿ ಕಾರು ಅಪಘಾತದಿಂದ ದೃಷ್ಟಿ ಕಳೆದುಕೊಂಡು, ಮುಂದೆ ಕಂಪ್ಯೂಟರ್ ಕಲಿತು, ಪರದೆಯ ಮೇಲಿನದನ್ನು ಓದಿ ಹೇಳುವ ಜಾಸ್ ತಂತ್ರಾಂಶವನ್ನು 1989ರಲ್ಲಿ ಹೊರತಂದ. ಅದು ಒಳ್ಳೆಯ ತಂತ್ರಾಂಶ, ನಮ್ಮ ಶಾಲೆಗಳ ಕೈಗೆ ಎಟುಕದ ಬೆಲೆ. 2006ರಲ್ಲಿ ಆಸ್ಟ್ರೇಲಿಯದ ಇಬ್ಬರು ಅಂಧ ಯುವಕರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, ಎನ್‌ವಿಡಿಎ ಎಂಬ ತಂತ್ರಾಂಶ ಬರೆದು ಉಚಿತವಾಗಿ ಹಂಚಿದರು. ಬಳಸುವವರು ತಾವೇ ಮಾಡಿಕೊಂಡ ಉಪಕರಣ ಬಾಳಿಕೆ ಬರುತ್ತದೆ ಎಂಬುದಕ್ಕೆ ಬ್ರೈಲ್ ಒಬ್ಬರೇ ಸಾಕ್ಷಿಯಲ್ಲ. ಎನ್‌ವಿಡಿಎ ಜೊತೆ ಬರುವ ಇ-ಸ್ಪೀಕ್ ಎಂಬ ದನಿ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಆ ದನಿ ಯಾಂತ್ರಿಕ, ಮೊದಲ ಸಲ ಕೇಳಿದವರಿಗೆ ನಗು ಬಂದೀತು. ರೂಢಿಯಾದ ಮಕ್ಕಳು ಅದನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿಕೊಂಡು ಕೇಳುತ್ತಾರೆ.

ಕನ್ನಡಕ್ಕೆ ಇಲ್ಲೊಂದು ವಿಚಿತ್ರ ತೊಡಕು ಕಾದಿತ್ತು. 1990ರ ದಶಕದಿಂದ ಕಚೇರಿ, ಮುದ್ರಣಾಲಯ, ಶಾಲೆಗಳಲ್ಲಿ ಹರಡಿದ್ದ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಇದ್ದದ್ದು ಪರದೆಯ ಮೇಲೆ ಮಾತ್ರ. ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿದರೆ ‘ನ’ ಇರಬೇಕಾದ ಕಡೆ ಬ್ರಿಟಿಷ್ ಪೌಂಡಿನ ಗುರುತು ಕೂತಿರುತ್ತದೆ. ಕಣ್ಣಿಗೆ ಅದು ಅಪ್ಪಟ ಕನ್ನಡ, ಓದಿ ಹೇಳುವ ತಂತ್ರಾಂಶಕ್ಕೆ ಬರೀ ಗಲಿಬಿಲಿ. ಹೀಗೆ ಅಂಧ ಓದುಗರ ಪಾಲಿಗೆ ಇಲ್ಲವೇ ಇಲ್ಲದಂಥ ಕನ್ನಡದ ಕಡತಗಳು ರಾಶಿ ಬಿದ್ದವು. ಒಂದೊಂದು ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲಿ, ಕನ್ನಡ ಅಕ್ಷರಗಳಿಗೆ ಸ್ಥಾನ ಸಿಕ್ಕಿತ್ತು. ಅದು ಬಳಕೆಗೆ ಇಳಿಯಲು ಹಿಡಿದ ಕಾಲ ಮಾತ್ರ ದೀರ್ಘ, ಹಳೆಯ ಫಾಂಟಿನ ಪಿಡಿಎಫ್‌ಗಳು ಈಗಲೂ ಓಡಾಡುತ್ತಿವೆ. ಆಯ್ವಿಯವರ ಉಬ್ಬು ಅಕ್ಷರಗಳಿಗೆ ಇದ್ದ ದೋಷವೇ ಇದಕ್ಕೂ ಇತ್ತು: ಪರೀಕ್ಷಿಸಿ ಒಪ್ಪಿದ್ದು ಕಣ್ಣು.

ಯುನಿಕೋಡ್ ಕನ್ನಡದಲ್ಲಿ ಬರೆದ ಒಂದೇ ಕಡತವನ್ನು ಮೇಷ್ಟ್ರು ಪರದೆಯ ಮೇಲೆ ಓದಬಹುದು, ಮಗು ಕಿವಿಯಿಂದ ಕೇಳಬಹುದು. ಬ್ರೈಲ್ ಡಿಸ್‌ಪ್ಲೇ ಇದ್ದರೆ ಬೆರಳಿನಿಂದಲೂ ಓದಬಹುದು. ಆ ಉಪಕರಣದಲ್ಲಿ ಸಣ್ಣ ಕಡ್ಡಿಗಳು ಎದ್ದು ಇಳಿದು ಸಾಲಿನಿಂದ ಸಾಲಿಗೆ ಬ್ರೈಲ್ ಮೂಡಿಸುತ್ತವೆ. ಕನ್ನಡ ಅಕ್ಷರವನ್ನು ಭಾರತಿ ಬ್ರೈಲ್‌ಗೆ ತಿರುಗಿಸುವ ಮುಕ್ತ ತಂತ್ರಾಂಶವೊಂದರ ಹೆಸರು ಲಿಬ್‌ಲೂಯಿ, ಅದು ಲೂಯಿ ಬ್ರೈಲ್ ನೆನಪಿಗೆ ಇಟ್ಟದ್ದು. ಡೆಕಾಪಾಯಿಂಟ್ ಹುಡುಕಿಕೊಂಡು ಹೊರಟದ್ದು ಸುಮಾರು 170 ವರ್ಷ ಕಳೆದ ಮೇಲೆ ಹೀಗೆ ಸಿಕ್ಕಿತು.

ದನಿ ಇರುವಾಗ ಬ್ರೈಲ್ ಯಾಕೆ ಎಂದು ಕೇಳುವವರೂ ಹೆಚ್ಚಿದ್ದಾರೆ. ಫೋನೇ ಓದಿ ಹೇಳುತ್ತದೆಯಲ್ಲ! ಈ ಮಾತನ್ನು ಒಪ್ಪುವುದು ಕಷ್ಟ. ಬರೀ ಕೇಳಿ ಕಲಿತ ಮಗುವಿಗೆ ‘ಶ’ ಮತ್ತು ‘ಷ’ ಎಲ್ಲಿ ಬೇರೆಯಾಗುತ್ತವೆ, ಮಹಾಪ್ರಾಣ ಎಲ್ಲಿ ಬರಬೇಕು, ಪದ ಎಲ್ಲಿ ಒಡೆಯಬೇಕು ಎಂಬುದು ಗೊತ್ತಾಗುವುದಿಲ್ಲ. ಕಣ್ಣಿದ್ದ ಮಗುವಿಗೆ ಬರೀ ರೇಡಿಯೊ ಕೇಳಿಸಿ ಕನ್ನಡ ಕಲಿಸಿದೆವು ಎಂದು ಯಾವ ಶಾಲೆಯೂ ಹೇಳುವುದಿಲ್ಲ. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ಮಾಡಿದ ‘ಆನಿ’ ಗಮನಕ್ಕೆ ಬರುವುದು ಈ ಕಾರಣಕ್ಕೆ. ಹೆಲೆನ್ ಕೆಲರ್‌ಗೆ ಕಲಿಸಿದ ಆನಿ ಸಲಿವನ್ ಹೆಸರಿನ ಈ ಉಪಕರಣ ಮಾತಾಡುತ್ತ, ಆಟ ಆಡಿಸುತ್ತ ಬ್ರೈಲ್ ಓದು ಬರಹ ಕಲಿಸುತ್ತದೆ. ಮಗು ಎಲ್ಲಿ ಎಡವಿತು ಎಂಬುದು ಶಿಕ್ಷಕರಿಗೂ ತಿಳಿಯುತ್ತದೆ.

ಯಂತ್ರ ಬಂದರೂ ಓದಲು ಪುಸ್ತಕ ಬೇಕಲ್ಲ. ಮುದ್ರಿತ ಕನ್ನಡವನ್ನು ಸ್ಕ್ಯಾನ್ ಮಾಡಿ ಅಕ್ಷರಗಳಾಗಿ ಗುರುತಿಸುವ ‘ಲಿಪಿ ಜ್ಞಾನಿ’ಯನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಮಾಡಿತು. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಸ್ವಯಂಸೇವಕರ ದನಿಯಲ್ಲಿ ಪುಸ್ತಕಗಳನ್ನು ಓದಿಸಿ ದಾಖಲಿಸುತ್ತ ಬಂದಿವೆ. ಕಾನೂನಿನ ತಡೆಯನ್ನು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ತೆಗೆಯಿತು. ಅಂಗವೈಕಲ್ಯ ಇರುವವರಿಗಾಗಿ ಪುಸ್ತಕವನ್ನು ಬ್ರೈಲ್, ಧ್ವನಿ ಅಥವಾ ಇನ್ನಾವುದೇ ರೂಪಕ್ಕೆ ಲಾಭದ ಉದ್ದೇಶವಿಲ್ಲದೆ ತಿರುಗಿಸಲು ಪ್ರಕಾಶಕರ ಅನುಮತಿ ಈಗ ಬೇಕಿಲ್ಲ. ಇದೇ ತತ್ತ್ವದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ.

ಇನ್ನೂ ಗಂಟಾಗಿಯೇ ಉಳಿದಿರುವುದು ಗಣಿತ. ಹುಟ್ಟು ಅಂಧರಾದ ಅಬ್ರಹಾಂ ನೆಮೆತ್ ಗಣಿತಕ್ಕೆಂದೇ ಒಂದು ಬ್ರೈಲ್ ಪದ್ಧತಿ ರೂಪಿಸಿದರು, ನಮ್ಮಲ್ಲೂ ಅದು ಬಳಕೆಯಲ್ಲಿದೆ. ಚಿಕ್ಕಂದಿನಲ್ಲಿ ಅಪ್ಪನಿಂದ ಸಾಮಾನ್ಯ ಅಕ್ಷರಗಳ ಆಕಾರವನ್ನೂ ಕಲಿತಿದ್ದ ಅವರು ಡೆಟ್ರಾಯಿಟ್ ವಿಶ್ವವಿದ್ಯಾಲಯದಲ್ಲಿ ಕಣ್ಣಿದ್ದ ವಿದ್ಯಾರ್ಥಿಗಳ ಎದುರು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ದಶಕಗಳ ಕಾಲ ಪಾಠ ಮಾಡಿದರು. ನಮ್ಮ ಬಹುತೇಕ ಶಾಲೆಗಳಲ್ಲಿ ಸಮೀಕರಣ, ಜ್ಯಾಮಿತಿಯ ಚಿತ್ರಗಳು ಬಂದೊಡನೆ ಕಂಪ್ಯೂಟರ್ ಬದಿಗೆ ಸರಿದು ಪಕ್ಕದಲ್ಲಿ ಒಬ್ಬರು ಬಂದು ಕೂರುತ್ತಾರೆ.

ಪರೀಕ್ಷೆಯಲ್ಲೂ ಅಷ್ಟೇ. ಬ್ರೈಲ್, ಕಂಪ್ಯೂಟರ್, ದೊಡ್ಡ ಅಕ್ಷರ ಅಥವಾ ಧ್ವನಿಮುದ್ರಣ, ಯಾವುದರಲ್ಲಿ ಉತ್ತರಿಸಬೇಕೆಂಬ ಆಯ್ಕೆಯನ್ನು ಆದಷ್ಟೂ ವಿದ್ಯಾರ್ಥಿಗೇ ಬಿಡಬೇಕು, ಕಂಪ್ಯೂಟರನ್ನು ಹಿಂದಿನ ದಿನವೇ ಪರೀಕ್ಷಿಸಿ ನೋಡಲು ಬಿಡಬೇಕು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಎಂದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ 2018ರ ಮಾರ್ಗಸೂಚಿ ಹೇಳಿತು. ಅದೇ ಮಾರ್ಗಸೂಚಿ ಹೇಳಿ ಬರೆಸಲು ಸಹಾಯಕರನ್ನು ಕರೆತರಲೂ ಅವಕಾಶ ಕೊಟ್ಟಿತು. ಅಭ್ಯರ್ಥಿ ತಾನೇ ಕರೆತರುವ ಆ ಸಹಾಯಕ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿನ ತರಗತಿಯವನಾಗಿರಬೇಕಿತ್ತು. ಹಾಗಾಗಿ ಹತ್ತನೇ ತರಗತಿಯ ವಿದ್ಯಾರ್ಥಿ ಪರೀಕ್ಷೆಗೆ ಮುಂಚೆ ಓದುವುದರ ಜೊತೆಗೆ, ಆ ದಿನಗಳಲ್ಲಿ ಬಿಡುವಿರುವ, ಕೈಬರಹ ಚೆನ್ನಾಗಿರುವ, ಹೇಳಿದ್ದನ್ನು ಹೇಳಿದಂತೆ ಬರೆಯುವ ಒಂಬತ್ತನೇ ತರಗತಿಯವನೊಬ್ಬನನ್ನೂ ಹುಡುಕಬೇಕಾಗುತ್ತಿತ್ತು.